ಕೆಟ್ಟ ವರ್ಷ ಒಂದು ಕಳೀತು, ಮೊದ್ಲು ಚಿತ್ರ ಬರೀತಿದ್ದೆ, ಈಗ ಕೈಯೇ ಓಡ್ತಿಲ್ಲ. ದಿನಾ ಕೃತಜ್ಞತೆ ಡೈರಿ ಬರೆದ್ರೆ ಸರಿಹೋಗುತ್ತಾ, ಇಲ್ಲಾ ಯಾವ್ದಾದ್ರೂ ಕ್ಲಾಸ್ ಸೇರ್ಲಾ? ಅಂತ ಕೇಳಿದ್ರಿ.

ಡೈರಿ ನಾನೂ ಬರ್ದಿದೀನಿ. ದಿನಾ ಮೂರು ಒಳ್ಳೇದು ಬರೀಬೇಕಂತೆ. ಸ್ವಲ್ಪ ದಿನಕ್ಕೇ ನನ್ ಲಿಸ್ಟು "ಕರೆಂಟ್ ಹೋಗ್ಲಿಲ್ಲ, ಹಾಲು ಒಡೀಲಿಲ್ಲ, ಓನರ್ ಫೋನ್ ಮಾಡ್ಲಿಲ್ಲ" ಅನ್ನೋ ಮಟ್ಟಕ್ಕೆ ಇಳೀತು. ಮಾರನೇ ದಿನ ಓನರ್ ಫೋನ್ ಮಾಡಿದ್ರು, ಡೈರಿ ಅಲ್ಲಿಗೆ ನಿಂತೋಯ್ತು.

ನನ್ನ ಕೆಟ್ಟ ವರ್ಷ 2022. ಬೆಂಗಳೂರಲ್ಲಿದ್ದ ಕೆಲಸ ಹೋಯ್ತು, ಮಳೆಗಾಲದಲ್ಲಿ ಅಪ್ಪ ಹೋದ್ರು. ನಾನು ಸಾಗರ ತಾಲೂಕಿನವಳು, ದೀವರ ಮನೆ ಹುಡುಗಿ. ಹಸೆ ಚಿತ್ತಾರ ಅಂದ್ರೆ ನಮ್ಮ ದೀವರ ಸಮುದಾಯದ ಹೆಂಗಸರು ಗೋಡೆ, ಬುಟ್ಟಿ ಮೇಲೆ ಬರೆಯೋ ಚಿತ್ರ, ಅದನ್ನ ನಾನೇನು ಕಲಿತಿದ್ದಲ್ಲ, ದೊಡ್ಡಮ್ಮನ ಪಕ್ಕ ಕೂತು ಕೂತು ಬಂದಿದ್ದು. ಕೆಲಸ ಇಲ್ಲ, ಬಾಡಿಗೆ ಕಟ್ಬೇಕು, ಅಷ್ಟರಲ್ಲಿ ಒಂದು ಕಂಪನಿಯವರು ದೀಪಾವಳಿ ಗಿಫ್ಟಿಗೆ ಚಿತ್ತಾರದ ಬುಟ್ಟಿ ಮಾಡ್ಕೊಡ್ತೀರಾ ಅಂದ್ರು, ಹೂಂ ಅಂದೆ. ಇಲ್ಲೇ ನಾನು ಕೆಟ್ಟಿದ್ದು, ಸ್ವಲ್ಪ ಉದ್ದ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ.

ಬುಟ್ಟಿಗೆ ಮೊದ್ಲು ಸಗಣಿ ಬಳೀಬೇಕು. ಅದು ಪೂರ್ತಿ ಒಣಗ್ಬೇಕು. ಆಮೇಲೆ ಕೆಮ್ಮಣ್ಣು, ಅದೂ ಒಣಗ್ಬೇಕು. ಅದ್ರ ಮೇಲೆ ಅಕ್ಕಿ ನೆನೆಸಿ ಅರೆದ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಎಳೆ ಎಳೀಬೇಕು. ಆ ವರ್ಷ ಬೆಂಗಳೂರು ಮಳೆ ನಿಮಗೂ ನೆನಪಿರ್ಬೇಕು, ಸೆಪ್ಟೆಂಬರ್‌ನಲ್ಲಿ ರಿಂಗ್ ರೋಡಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ್ರಲ್ಲ ಜನ, ಅದೇ ಮಳೆ. ಬಿಸಿಲೇ ಇಲ್ಲ. ನಾನು ಹೇರ್ ಡ್ರೈಯರ್ ಹಿಡಿದು ಒಣಗಿಸ್ದೆ. ಮುಟ್ಟಿದ್ರೆ ಒಣಗಿದೆ ಅನ್ಸೋದು, ಆದ್ರೆ ಮೇಲ್ಮೈ ಅಷ್ಟೇ ಒಣಗಿದ್ದು, ಬಿದಿರು ಹೆಣಿಗೆ ಸಂದಿನಲ್ಲಿದ್ದ ಸಗಣಿ ಹಸಿ ಹಸಿ. ಅದು ಸಾಲ್ದು ಅಂತ, ಅಕ್ಕಿ ಹಿಟ್ಟಿನ ಬಿಳಿ ಕೊರಿಯರ್‌ನಲ್ಲಿ ಉಜ್ಜಿ ಹೋಗುತ್ತೆ ಅನ್ನೋ ಭಯಕ್ಕೆ ಅಕ್ರಿಲಿಕ್ ಬಳಸ್ದೆ. ಅಕ್ಕಿ ಹಿಟ್ಟಿನ ಬಿಳಿ ಮಣ್ಣಿನ ಜೊತೆ ಕೂತ್ಕೊಳುತ್ತೆ, ಅಕ್ರಿಲಿಕ್ ಪ್ಲಾಸ್ಟಿಕ್ ಪೊರೆ ಥರ ಮೇಲೆ ನಿಲ್ಲುತ್ತೆ. ಒಳಗಿನ ಸಗಣಿ ನಿಧಾನಕ್ಕೆ ಒಣಗಿ ಕುಗ್ತು, ಮೇಲಿನ ಪೊರೆ ಕುಗ್ಲಿಲ್ಲ, ಹಪ್ಪಳದಂಗೆ ಎದ್ದು ಬಂತು. ಎದ್ದು ಬರದೇ ಇದ್ದಿದ್ದನ್ನ ಬಬಲ್ ರ‍್ಯಾಪ್ ಒಳಗೆ ಬೂಷ್ಟು ತಿಂತು. ಮೂರು ತಲೆಮಾರಿಂದ ನಮ್ಮನೇಲಿ ಎಲ್ರಿಗೂ ಗೊತ್ತಿರೋ ಕೆಲಸ, ದಡ್ಡರೂ ಇಂಥ ತಪ್ಪು ಮಾಡಲ್ಲ, ನಾನು ಡೆಡ್‌ಲೈನ್ ನೋಡ್ಕೊಂಡು ಮಾಡ್ದೆ. ಅಡ್ವಾನ್ಸ್ ಬೇರೆ ತಗೊಂಡಿರ್ಲಿಲ್ಲ, ಮಾಲು ವಾಪಸ್ ಬಂತು, ಬುಟ್ಟಿ ತರಿಸಿದ ಸಾಲ ತಲೆ ಮೇಲೆ ಉಳೀತು.

ಸಾಲ ಹೆಂಗೋ ತೀರುತ್ತೆ. ಆಮೇಲೆ ಕುಂಚ ನೋಡಿದ್ರೇ ಹೊಟ್ಟೆ ತೊಳಸೋದು, ನೀವು ಕೈ ಓಡ್ತಿಲ್ಲ ಅಂದ್ರಲ್ಲ, ಅದೇ. ಒಂದು ವರ್ಷ ಒಂದು ಗೆರೆ ಎಳೀಲಿಲ್ಲ. ಮನಸ್ಸು ಸರಿಹೋಗ್ಲಿ, ಆಮೇಲೆ ಬರೆದ್ರಾಯ್ತು ಅಂತ ಕಾದೆ. ಈಗ ನೀವು ಕಾಯ್ತಾ ಇರೋದೂ ಅದಕ್ಕೇ ಅನ್ಸುತ್ತೆ.

2023ರಲ್ಲಿ ದಸರಾ ಮುಂಚೆ ದೊಡ್ಡಮ್ಮ ಫೋನ್ ಮಾಡಿ "ನಂಗೆ ಕೈ ನಡುಗ್ತದೆ, ಭೂಮಣ್ಣಿ ಬುಟ್ಟಿ ಬರೀಲಿಕ್ಕೆ ಬಾ" ಅಂದ್ರು. ಮನಸ್ಸಿಲ್ಲ ದೊಡ್ಡಮ್ಮ ಅಂದೆ. "ನಿನ್ ಮನಸ್ಸು ಯಾರ್ ಕೇಳಿದ್ರು, ಹುಣ್ಣಿಮೆ ಕಾಯ್ತದಾ?" ಅಂತ ಫೋನ್ ಇಟ್ರು. ಅಪ್ಪ ಹೋದ ವರ್ಷ ಮನೇಲಿ ಹಬ್ಬ ಇರ್ಲಿಲ್ಲ, ಈ ಸಲ ತಪ್ಪಿಸೋ ಹಂಗಿಲ್ಲ.

ಗೊತ್ತಿಲ್ದೋರಿಗೆ ಹೇಳ್ತೀನಿ, ಆಶ್ವೀಜ ಮಾಸದ ಹುಣ್ಣಿಮೆ ನಮ್ಮ ಕಡೆ ಭೂಮಿ ಹುಣ್ಣಿಮೆ, ಸೀಗಿ ಹುಣ್ಣಿಮೆ ಅಂತಾನೂ ಅಂತಾರೆ. ಆ ಹೊತ್ತಿಗೆ ಭತ್ತ ಹೊಡೆ ಆಗಿರುತ್ತೆ, ಅಂದ್ರೆ ತೆನೆ ಇನ್ನೂ ಒಳಗೇ ಇರುತ್ತೆ, ಭೂಮ್ತಾಯಿ ಬಸುರಿ ಅಂತ ಲೆಕ್ಕ, ಅವಳಿಗೆ ಬಯಕೆ ಊಟ. ರಾತ್ರಿಯೆಲ್ಲ ಅಡುಗೆ ಮಾಡಿ ಭೂಮಣ್ಣಿ ಬುಟ್ಟಿ ಅನ್ನೋ ಚಿತ್ತಾರದ ಬುಟ್ಟಿಯಲ್ಲಿ ತುಂಬ್ಕೊಂಡು ಬೆಳಗಿನ ಜಾವ ಗದ್ದೆಗೆ ಹೋಗ್ತೀವಿ. ಗಮನಿಸಿ, ಕೊಯ್ಲು ಇನ್ನೂ ಆಗಿರಲ್ಲ. ಫಸಲು ಕೈಗೆ ಬರುತ್ತೋ ಇಲ್ವೋ ಯಾರಿಗೂ ಗೊತ್ತಿರಲ್ಲ. ಅದೂ 2023, ರಾಜ್ಯದ ಬಹುತೇಕ ಎಲ್ಲಾ ತಾಲೂಕು ಬರ ಅಂತ ಘೋಷಣೆ ಆದ ವರ್ಷ. ನಮ್ ಗದ್ದೆ ಮೊಣಕಾಲು ದಾಟಿರ್ಲಿಲ್ಲ, ನೆಲ ಬಿರುಕು. ಆ ಗದ್ದೆಗೇ ಕಡುಬು ಬಡಿಸಿ ಬಂದ್ವಿ.

ಬುಟ್ಟಿ ಬರೆಯೋವಾಗ ನನ್ ಮೊದಲ್ನೇ ಎಳೆ ಹಾವು ಹೋದಂಗೆ ಹೋಯ್ತು. ದೊಡ್ಡಮ್ಮ ಹೆಬ್ಬೆರಳು ನೀರಿಗದ್ದಿ ಅದನ್ನ ಒರೆಸಿ, ಮೇಲೆ ಚೂರು ಕೆಮ್ಮಣ್ಣು ಸವರಿ "ಹೂಂ" ಅಂದ್ರು ಅಷ್ಟೇ. ಪುಂಡಿ ನಾರು ಸಾಕಷ್ಟು ಬಿಳಿ ಹಿಡಿಯಲ್ಲ, ಒಂದು ಗೇಣು ಎಳೆದ್ರೆ ಖಾಲಿ, ಮತ್ತೆ ಅದ್ದಬೇಕು, ನಿಂತಲ್ಲಿಂದ್ಲೇ ಮತ್ತೆ ಹಿಡೀಬೇಕು. ಎರಡು ಎಳೆ ಆದ್ಮೇಲೆ ಮೂರನೇದು ಅವೆರಡರ ಪಕ್ಕ ತಾನಾಗೇ ನೆಟ್ಟಗೆ ಬರುತ್ತೆ. ಜೋಗಿ ಜಡೆ ಅನ್ನೋ ವಿನ್ಯಾಸ ಅರ್ಧಕ್ಕೆ ಬರೋವಾಗ ಅಣ್ಣನ ಮಗಳು ಬಂದು ಚುಕ್ಕಿ ಇಡ್ತೀನಿ ಅಂತ ಗಲಾಟೆ, ಅರ್ಧ ಚುಕ್ಕಿ ಅವಳೇ ಹಾಳು ಮಾಡಿದ್ಲು, ಯಾರೂ ಏನೂ ಅನ್ಲಿಲ್ಲ. ಹಬ್ಬದ ದಿನ ರಾತ್ರಿ ಚಂದ್ರಗ್ರಹಣ ಇತ್ತು, ಅದಕ್ಕೆ ಮುಂಚೆ ಎಲ್ಲಾ ಮುಗೀಬೇಕು ಅಂತ ಮನೆ ತುಂಬಾ ಗಡಿಬಿಡಿ ಬೇರೆ. ಆ ಗಡಿಬಿಡಿಯಲ್ಲಿ ನನಗೆ ಮನಸ್ಸಿದೆಯಾ ಇಲ್ವಾ ಅಂತ ಯೋಚ್ನೆ ಮಾಡೋಕೆ ಪುರುಸೊತ್ತು ಸಿಗ್ಲಿಲ್ಲ.

ಗದ್ದೆಯಲ್ಲಿ ಕೃತಜ್ಞತೆ ಉಕ್ಕಿ ಬಂತಾ ಅಂದ್ರೆ, ಇಲ್ಲ ಮಾರಾಯ್ರೆ. ಅತ್ತಿಗೆ ಸರ ತೆಗೆದು ಪೈರಿಗೆ ಹಾಕಿ ಪೂಜೆ ಮಾಡೋವಾಗ ನಂಗೆ ತೂಕಡಿಕೆ. ಆದ್ರೆ ಬೆಂಗಳೂರಿಗೆ ಬಂದ ವಾರದಲ್ಲೇ ಖಾಕಿ ಕಾಗದದ ಮೇಲೆ ಬರೀತಾ ಕೂತಿದ್ದೆ, ಯಾರೂ ಹೇಳ್ದೇನೇ.

ಅದಕ್ಕೆ ನಿಮ್ ಪ್ರಶ್ನೆಯ ಕ್ರಮವೇ ಉಲ್ಟಾ ಅಂತ ನನ್ ಅಭಿಪ್ರಾಯ. ಒಳಗೆ ಭಾವನೆ ಹುಟ್ಲಿ ಅಂತ ಕೂತ್ರೆ ಕೂತೇ ಇರ್ತೀರಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ನಮ್ಮಜ್ಜಿ ತವರೂರು ಮುಳುಗಿತ್ತು, ಹೊಸ ಜಾಗದಲ್ಲಿ ಸ್ವಂತ ಗದ್ದೆ ಇಲ್ದೆ ಪಕ್ಕದೋರ ಗದ್ದೆಗೆ ಬುಟ್ಟಿ ಹೊತ್ಕೊಂಡು ಹೋಗ್ತಿದ್ರಂತೆ. ಅಜ್ಜಿ ಆಗ ಖುಷಿಯಾಗಿದ್ರು ಅಂತ ನಂಗನ್ಸಲ್ಲ. ನಿಮ್ಮಲ್ಲಿ ಹುಣ್ಣಿಮೆ ಇಲ್ದಿದ್ರೆ ಪಕ್ಕದ ಮನೆ ಮಗು ಹುಟ್ಟುಹಬ್ಬ ಇದೆ, ತಂಗಿ ಮದುವೆ ಇದೆ. ಮುಂದಕ್ಕೆ ಹಾಕೋಕಾಗದ ತಾರೀಕು, ಎದುರಿಗೆ ಕಾಣೋ ಒಬ್ಬ ಮನುಷ್ಯ, ಇಷ್ಟು ಹಿಡ್ಕೊಳ್ಳಿ. ಒಂದು ವರ್ಷ ಮಾರ್ಬೇಡಿ, ರೀಲ್ಸೂ ಬೇಡ. ದುಡ್ಡಿಗೆ ಬೇರೆ ಏನಾದ್ರೂ ಮಾಡಿ, ನಾನು ಡೇಟಾ ಎಂಟ್ರಿ ಮಾಡ್ದೆ.

ಊಟ ನಿದ್ದೆನೇ ಬಿಟ್ಟಿದ್ರೆ ಮಾತ್ರ ಇದ್ಯಾವ್ದೂ ಬೇಡ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಗೆ ಫೋನ್ ಮಾಡಿ, ಸರ್ಕಾರದ್ದು, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಕ್ಲಾಸ್ ಕೇಳಿದ್ರಿ, ದುಡ್ಡಿದ್ರೆ ಸೇರಿ, ಆದ್ರೆ ಕೊನೇಲಿ ಸರ್ಟಿಫಿಕೇಟ್ ಕೊಡೋ ಕಡೆ ಹೋಗ್ಬೇಡಿ, ಮತ್ತೆ ಡೆಡ್‌ಲೈನ್ ಶುರುವಾಗುತ್ತೆ.