ಮೂತ್ರದಲ್ಲಿ ಪ್ರೋಟೀನ್, ಸ್ಲೈಡ್‌ನಲ್ಲಿ ಏನೂ ಇಲ್ಲ!

ಪ್ರಶ್ನೆ: ಇಲಿಗೆ ಪ್ಯೂರೊಮೈಸಿನ್ ಅಮೈನೊನ್ಯೂಕ್ಲಿಯೊಸೈಡ್ ಎಂಬ ರಾಸಾಯನಿಕ ಚುಚ್ಚಿದರೆ ಮೂತ್ರದಲ್ಲಿ ಪ್ರೋಟೀನ್ ಸುರಿಯುತ್ತದೆ, ಆದರೂ ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಕಿಡ್ನಿಯ ಸೋಸುವ ಭಾಗ ಸರಿಯಾಗೇ ಕಾಣುತ್ತದೆ ಎಂದು ಓದಿದೆ. ಹಾಗಾದರೆ ಕೆಟ್ಟಿದ್ದು ಯಾವುದು?
– ಬಿ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಕೆಟ್ಟಿದ್ದು ಪೋಡೊಸೈಟ್. ನಾನು ಪೆಥಾಲಜಿಗೆ ಬಂದಾಗಿನಿಂದ ನನಗೆ ಅತಿ ಇಷ್ಟದ ಜೀವಕೋಶ ಇದು.

ಕಿಡ್ನಿಯಲ್ಲಿ ರಕ್ತ ಸೋಸುವ ಸಣ್ಣ ಗಂಟಿಗೆ ಗ್ಲೊಮೆರುಲಸ್ ಅಂತಾರೆ. ಅದರ ರಕ್ತನಾಳಗಳನ್ನು ಪೋಡೊಸೈಟ್‌ಗಳು ಹೊರಗಿನಿಂದ ಅಪ್ಪಿಕೊಂಡಿರುತ್ತವೆ. ಒಂದರ ಪಾದಗಳ (ಕೋಶದಿಂದ ಚಾಚಿದ ಎಳೆಗಳ) ನಡುವೆ ಇನ್ನೊಂದರ ಪಾದಗಳು, ಎರಡು ಕೈಗಳ ಬೆರಳು ಹೆಣೆದ ಹಾಗೆ. ನಡುವಿನ ಸಂದು ಸುಮಾರು 40 ನ್ಯಾನೋಮೀಟರ್. ಅಲ್ಲಿ ನೆಫ್ರಿನ್ ಮುಂತಾದ ಪ್ರೋಟೀನ್‌ಗಳ ತೆಳು ಪರದೆ. ಬೆಳಕಿನ ಮೈಕ್ರೋಸ್ಕೋಪು 200 ನ್ಯಾನೋಮೀಟರ್‌ಗಿಂತ ಸಣ್ಣದನ್ನು ಬಿಡಿಸಿ ತೋರಿಸಲಾರದು. ಕಾಣದೇ ಇರುವುದು ಸಹಜ ಅಲ್ವಾ?

ಅದೇ ತುಣುಕನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ. ಸಾಲಾಗಿ ನಿಲ್ಲಬೇಕಿದ್ದ ಪಾದಗಳೇ ಇಲ್ಲ! ಚಪ್ಪಟೆಯಾಗಿ ಹರಡಿ, ಒಂದೇ ಹಾಳೆಯಾಗಿವೆ. ಕೋಶದೊಳಗೆ ಖಾಲಿ ಗುಳ್ಳೆಗಳು. ಅಲ್ಲಲ್ಲಿ ಕೋಶ ತಳದ ಪೊರೆಯಿಂದ ಕಿತ್ತು ಬಂದಿರುತ್ತದೆ. ಇಲಿಯಲ್ಲಿ ಒಂದು ಡೋಸ್ ಕೊಟ್ಟ 4–5 ದಿನಕ್ಕೆ ಪ್ರೋಟೀನ್ ಸೋರಲು ಶುರುವಾಗಿ, 10ನೇ ದಿನದ ಆಸುಪಾಸಿನಲ್ಲಿ ತುಂಬಾ ಜಾಸ್ತಿಯಾಗುತ್ತದೆ.

ಹಾಗಂತ ಬೆಳಕಿನ ಮೈಕ್ರೋಸ್ಕೋಪು ಏನೂ ಹೇಳುವುದಿಲ್ಲ ಅಂತಲ್ಲ. ಸೋಸಿದ ದ್ರವ ಹರಿದುಹೋಗುವ ಪಕ್ಕದ ನಳಿಕೆಯ ಕೋಶಗಳನ್ನು ಗಮನಿಸಿ. ಸೋರಿದ ಪ್ರೋಟೀನನ್ನು ಅವು ಎಳೆದುಕೊಳ್ಳುತ್ತವೆ. ಇಯೋಸಿನ್ ಬಣ್ಣ ಹಾಕಿದರೆ ಒಳಗೆ ಗುಂಡಗೆ, ಗುಲಾಬಿ ಹನಿಗಳು ಕಾಣುತ್ತವೆ. ಸೋರಿಕೆಗೆ ಅವೇ ಸಾಕ್ಷಿ.

ಪಾದ ಚಪ್ಪಟೆಯಾದರೆ ಕೋಶ ಸತ್ತಿತು ಎಂದು ಸುಮ್ನೆ ಬರೆದುಬಿಡಬೇಡಿ. ಒಂದೇ ಡೋಸ್ ಆದರೆ ಕೆಲವು ವಾರಗಳಲ್ಲಿ ಪಾದಗಳು ಮತ್ತೆ ಮೂಡುತ್ತವೆ. ಮೂತ್ರದಲ್ಲಿ ಪ್ರೋಟೀನ್ ಸೋರಿ ಮೈ ಊದುವ ಮಕ್ಕಳ ನೆಫ್ರೋಟಿಕ್ ಕಾಯಿಲೆಯಲ್ಲೂ ಇದೇ ಬದಲಾವಣೆ. ಫಾರ್ಕ್ವಾರ್, ವರ್ನಿಯರ್ ಮತ್ತು ಗುಡ್ ಎಂಬ ಸಂಶೋಧಕರು 1957ರಲ್ಲೇ ರೋಗಿಗಳ ಕಿಡ್ನಿ ತುಣುಕಿನಲ್ಲಿ ಇದನ್ನು ತೋರಿಸಿದ್ದರು. ಅಲ್ಲೂ ಸ್ಟಿರಾಯ್ಡ್‌ಗೆ ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಅದಕ್ಕೇ ಈ ಇಲಿಗಳ ಅಧ್ಯಯನ ನನಗೆ ಅಷ್ಟು ಮುಖ್ಯ. ಆದರೆ ಡೋಸ್ ಮೇಲೆ ಡೋಸ್ ಬಿದ್ದು ಪೋಡೊಸೈಟ್‌ಗಳೇ ಉದುರಿಹೋದರೆ ಕಷ್ಟ. ಅವು ಸುಲಭವಾಗಿ ಒಡೆದು ಎರಡಾಗುವ ಕೋಶಗಳಲ್ಲ. ಖಾಲಿಯಾದ ಜಾಗದಲ್ಲಿ ಗಾಯದ ಗಂಟು ಕಟ್ಟುತ್ತದೆ.

ನೀವೇ ನೋಡುವುದಾದರೆ ಒಂದು ಮಾತು: ತುಣುಕನ್ನು ತೆಗೆದ ತಕ್ಷಣ ಗ್ಲುಟರಾಲ್ಡಿಹೈಡ್‌ಗೆ (ಕೋಶ ಕೆಡದಂತೆ ಹಿಡಿದಿಡುವ ದ್ರಾವಣ) ಹಾಕಿ. ತಡವಾದರೆ ಕೋಶ ತಾನೇ ಊದಿ ಕೆಡುತ್ತದೆ. ಆಮೇಲೆ ಅದು ರಾಸಾಯನಿಕದ ಕೆಲಸವೋ, ತಡ ಮಾಡಿದ್ದರ ಫಲವೋ ಹೇಳುವುದು ಕಷ್ಟ.