ಒಂದೇ ಬೆಡ್‌ರೂಮಿನ ಮನೆಯಲ್ಲಿ ಎರಡು ಬೆಕ್ಕು ಸಾಕಬಹುದಾ?

ಮೂರನೇ ಮಹಡಿ, ಬಾಡಿಗೆ ಮನೆ, ಒಂದೇ ಬೆಡ್‌ರೂಮು, ಹಗಲು ಮನೇಲಿ ಯಾರೂ ಇರಲ್ಲ. ಅಂಥಲ್ಲಿ ಎರಡು ಮರಿ ತಂದಿಟ್ಟರೆ ಪಾಪ ಅಲ್ಲವಾ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ 520 ಚದರಡಿ ಮನೆಯಲ್ಲಿ ಕರಿಯ, ಪುಟ್ಟಿ ಅನ್ನೋ ಇಬ್ಬರ ಜೊತೆ ಆರು ವರ್ಷದಿಂದ ಇದ್ದೀನಿ. ಜಾಗ ಸಾಲಲ್ಲ ಅಂತ ಗೊಣಗೋಳು ನಾನೊಬ್ಬಳೇ.

ಚದರಡಿ ಲೆಕ್ಕ ಮನುಷ್ಯರದು. ಬೆಕ್ಕಿಗೆ ಬೇಕಾದ್ದು ಎತ್ತರ. ಬೀರುವಿನ ಮೇಲೆ ಒಂದು ಹಳೇ ಕಂಬಳಿ ಹಾಸಿ, ಅಲ್ಲಿಗೆ ಹತ್ತೋಕೆ ಒಂದು ಸ್ಟೂಲು, ಒಂದು ಶೆಲ್ಫು ಇಟ್ಟರೆ ಮನೆಗೆ ಇನ್ನೊಂದು ಮಹಡಿ ಕಟ್ಟಿಸಿದ ಹಾಗೆ. ಸಾವಿರಾರು ರೂಪಾಯಿ ಕೊಟ್ಟು ಬೆಕ್ಕು ಹತ್ತಿ ಕೂರೋಕೆ ಅಂತ ಮಾರೋ 'ಕ್ಯಾಟ್ ಟ್ರೀ' ತರಬೇಡಿ, ಅದು ಬಂದ ರಟ್ಟಿನ ಡಬ್ಬವೇ ಹೆಚ್ಚು ಇಷ್ಟ ಆಗುತ್ತೆ. ಆದರೆ ಎತ್ತರದ ಜಾಗ ಎರಡಾದರೂ ಇರಲಿ. ಒಂದೇ ಇದ್ದರೆ ಮೇಲೆ ಕೂತವನು ಕೆಳಗಿನವಳನ್ನು ಹತ್ತಗೊಡಲ್ಲ.

ಮರಿ ತರೋ ಮೊದಲು ಆಗಬೇಕಾದ ಕೆಲಸ ಕಿಟಕಿ, ಬಾಲ್ಕನಿಯ ಬಲೆ. ಇದರಲ್ಲಿ ನಾನು ಪಾಠ ಕಲಿತವಳು. ಪಾರಿವಾಳಕ್ಕೆ ಅಂತ ಕಟ್ಟೋ ನೈಲಾನ್ ಬಲೆ ಸಾಕು ಅಂದುಕೊಂಡಿದ್ದೆ. ಕರಿಯ ತಿಂಗಳೊಳಗೆ ಮೂಲೇಲಿ ಕಚ್ಚಿ ತೂತು ಮಾಡಿದ. ಒಂದು ಸಂಜೆ ಆಫೀಸಿಂದ ಬಂದು ನೋಡಿದರೆ ಎರಡನೇ ಮಹಡಿಯ ಸಜ್ಜಾ ಮೇಲೆ ಕೂತು ಕೂಗ್ತಿದ್ದ. ಎಲ್ಲಿಂದ ಬಿದ್ದರೂ ಬೆಕ್ಕು ಕಾಲೂರಿ ನಿಲ್ಲುತ್ತೆ ಅಂತಾರಲ್ಲ, ಗಾಳಿಯಲ್ಲಿ ತಿರುಗೋದೇನೋ ನಿಜ, ಆದರೆ ನೆಲಕ್ಕೆ ಅಪ್ಪಳಿಸಿದಾಗ ದವಡೆ ಒಡೆಯುತ್ತೆ, ಎದೆಗೂ ಪೆಟ್ಟು ಬೀಳುತ್ತೆ. ಇಂಥ ಕೇಸುಗಳು ಎಷ್ಟು ಸಾಮಾನ್ಯ ಅಂದರೆ ಪಶುವೈದ್ಯರು ಇದಕ್ಕೆ 'ಹೈ-ರೈಸ್ ಸಿಂಡ್ರೋಮ್' ಅಂತ ಹೆಸರೇ ಇಟ್ಟಿದ್ದಾರೆ. ಸ್ಟೀಲ್ ಜಾಲರಿ ಹಾಕಿಸಿ. ಓನರ್ ಗೋಡೆ ಕೊರೆಯೋಕೆ ಬಿಡದಿದ್ದರೆ ಮರದ ಚೌಕಟ್ಟಿಗೆ ಜಾಲರಿ ಹೊಡೆಸಿ, ಕಿಟಕಿಯೊಳಗೆ ಬಿಗಿಯಾಗಿ ಕೂರಿಸಬಹುದು.

ಇನ್ನು ಕಕ್ಕಸಿನ ಟ್ರೇ. ಬೆಕ್ಕು ಎಷ್ಟೋ ಅದಕ್ಕಿಂತ ಒಂದು ಹೆಚ್ಚು ಇರಬೇಕು ಅನ್ನೋದು ನಿಯಮ. ನಿಮ್ಮ ಲೆಕ್ಕಕ್ಕೆ ಮೂರಾಯ್ತು. ಮೂರು ಇಡೋಕೆ ನನ್ನಲ್ಲಿ ಜಾಗವಿಲ್ಲ, ಎರಡಿಟ್ಟು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಗಲೀಜು ತೆಗೀತೀನಿ. ಬಚ್ಚಲಲ್ಲಿ ಇಡಬೇಡಿ, ನಮ್ಮ ಬಚ್ಚಲು ಸದಾ ಒದ್ದೆ, ಟ್ರೇಗೆ ಹಾಕೋ ಲಿಟರ್ ಮಣ್ಣೆಲ್ಲ ಕೆಸರಾಗುತ್ತೆ. ಊಟದ ತಟ್ಟೆ ಪಕ್ಕವೂ ಬೇಡ, ವಾಷಿಂಗ್ ಮಷೀನ್ ಪಕ್ಕವೂ ಬೇಡ. ಗಟ್ಟಿಯಾಗೋ ಬೆಂಟೊನೈಟ್ ಮಣ್ಣನ್ನು ಕಮೋಡಿಗೆ ಸುರಿದರೆ ಪೈಪು ಕಟ್ಟಿಕೊಳ್ಳುತ್ತೆ. ಮನೆ ನಾರ್ತಿದ್ದರೆ ಟ್ರೇ ತೊಳೀಬೇಕು, ಸೆಂಟ್ ಹಾಕಿದ ಲಿಟರ್ ತರೋದಲ್ಲ.

ಗಂಡು ಬೆಕ್ಕು ಪದೇ ಪದೇ ಟ್ರೇಗೆ ಹೋಗಿ, ತಿಣುಕಿ, ಒಂದು ಹನಿಯೂ ಹೊಯ್ಯದೆ ಬಂದರೆ ಮಲಬದ್ಧತೆ ಅಂದುಕೊಂಡು ಕಾಯಬೇಡಿ. ಮೂತ್ರದ ದಾರಿ ಕಟ್ಟಿರಬಹುದು, ಒಂದೆರಡು ದಿನದಲ್ಲಿ ಜೀವಕ್ಕೇ ಕುತ್ತು. ಅವತ್ತೇ, ರಾತ್ರಿಯಾದರೂ ಸರಿ, ಡಾಕ್ಟರ ಹತ್ತಿರ ಓಡಿ.

ಐದಾರು ತಿಂಗಳಿಗೆ ಇಬ್ಬರಿಗೂ ಸಂತಾನಹರಣ ಆಪರೇಷನ್ ಮಾಡಿಸಿಬಿಡಿ. ಇಲ್ಲದಿದ್ದರೆ ಗಂಡು ಗೋಡೆಗೆಲ್ಲ ಮೂತ್ರ ಚಿಮುಕಿಸುತ್ತೆ, ಬೆದೆಗೆ ಬಂದ ಹೆಣ್ಣು ರಾತ್ರಿಯಿಡೀ ಕೂಗೋದು ಇಡೀ ಬಿಲ್ಡಿಂಗಿಗೆ ಕೇಳುತ್ತೆ. ಒಡಹುಟ್ಟಿದ ಮರಿಗಳಾದರೂ ಇದರಿಂದ ವಿನಾಯಿತಿ ಇಲ್ಲ.

ಊಟದ ವಿಷಯದಲ್ಲಿ ನನಗೆ ಮನೆಯವರ ಜೊತೆ ಜಗಳವೇ ಆಗಿತ್ತು. ನಮ್ಮದು ಸಸ್ಯಾಹಾರಿ ಮನೆ. ಅಮ್ಮ ಹಾಲು, ಮೊಸರನ್ನ ಸಾಕು ಅಂತಿದ್ದರು. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗಲ್ಲ, ಭೇದಿ ಆಗುತ್ತೆ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡು ಓಡಿದ್ದು ಒಳ್ಳೇದಕ್ಕೇ ಇರಬೇಕು! ಮಾಂಸದಲ್ಲಿರೋ ಟಾರಿನ್ ಅನ್ನೋ ಅಂಶ ಸಿಗದಿದ್ದರೆ ಬೆಕ್ಕಿನ ಕಣ್ಣು, ಹೃದಯ ಎರಡೂ ಕೆಡುತ್ತವೆ. ಕೊನೆಗೆ ಅಂಗಡಿಯ ಕ್ಯಾಟ್ ಫುಡ್‌ಗೆ ರಾಜಿಯಾಯ್ತು. ಮಾಂಸ ಅಡುಗೆಮನೆ ಹೊಕ್ಕಲಿಲ್ಲ, ಅಮ್ಮನಿಗೂ ಸಮಾಧಾನ.

ಜ್ವರದ ಪ್ಯಾರಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಬೊಕೆಯಲ್ಲಿ ಬರೋ ಲಿಲ್ಲಿ ಹೂವಿನ ಪರಾಗ ನೆಕ್ಕಿದರೂ ಮೂತ್ರಪಿಂಡ ಹೋಗುತ್ತೆ. ನಾಯಿಯ ಉಣ್ಣೆಹುಳಕ್ಕೆ ಹಾಕೋ ಪರ್ಮೆಥ್ರಿನ್ ಔಷಧಿ, ಬೀರುವಿನ ನುಸಿಗುಳಿಗೆ, ಇವೂ ವಿಷವೇ.

ಹಗಲು ಒಂಟಿತನದ ಚಿಂತೆ ಅಂದಿರಿ. ಹೊಂದಿಕೊಂಡ ಎರಡು ಮರಿ ತಂದರೆ ಅರ್ಧ ಚಿಂತೆ ಕಳೀತು, ಒಂದನ್ನೇ ತಂದು ಬಿಟ್ಟುಹೋಗೋದು ಕಷ್ಟ. ಬೆಳಗಿನ ಜಾವ ನಾಲ್ಕಕ್ಕೆ ನಿಮ್ಮನ್ನು ಎಬ್ಬಿಸೋದು ಖಚಿತ, ಮುಂಜಾನೆ ಮುಸ್ಸಂಜೆ ಅವುಗಳ ಬೇಟೆಯ ಹೊತ್ತು. ಮಲಗೋ ಮೊದಲು ಹತ್ತು ಹದಿನೈದು ನಿಮಿಷ ದಾರ ಎಳೆದು ಓಡಿಸಿ, ಆಮೇಲೆ ಊಟ ಹಾಕಿ. ದಾರವನ್ನು ಮಾತ್ರ ಎತ್ತಿಡಿ, ನುಂಗಿಬಿಡುತ್ತವೆ. ನಾಲ್ಕು ಗಂಟೆಗೆ ಕೂಗಿದಾಗ ಎದ್ದು ಊಟ ಹಾಕಿದಿರೋ, ಮರುದಿನದಿಂದ ಅದೇ ಟೈಮ್‌ಟೇಬಲ್ಲು.

ಸಾಕುಪ್ರಾಣಿಗಳಿಗೆ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನವರು ನಿಷೇಧ ಹಾಕುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತೆ. ಆದರೂ ಓನರ್‌ಗೆ ಮೊದಲೇ ಹೇಳಿ, ಬಾಡಿಗೆ ಕರಾರಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ನಮ್ಮ ಓನರ್ ಒಪ್ಪಿದ್ದು ಇಲಿ ಕಾಟ ತಪ್ಪುತ್ತೆ ಅಂತ. ಈ ಆರು ವರ್ಷದಲ್ಲಿ ಇವರಿಬ್ಬರೂ ಒಂದು ಇಲಿಯನ್ನೂ ಹಿಡಿದಿಲ್ಲ. ಅದನ್ನು ನಾನಿನ್ನೂ ಅವರಿಗೆ ಹೇಳಿಲ್ಲ.