ಮಾತ್ರೆ ಹಿಡಿಸಿದೆ, ಆದರೂ ಮಗ ಮಂಕಾಗಿ ಕೂತಿರುತ್ತಾನೆ

ಪ್ರಶ್ನೆ: ನಾವು ಕುಂದಾಪುರದ ಕಡೆಯವರು. ಡೊಂಬಿವಲಿಗೆ ಬಂದು 22 ವರ್ಷವಾಯಿತು. ಯಜಮಾನರು ಮಾಟುಂಗದ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಾರೆ. ಮಗನಿಗೆ 21, ಬಿ.ಕಾಂ. ಎರಡನೇ ವರ್ಷದಲ್ಲಿದ್ದ. ಕಳೆದ ವರ್ಷ ಗಣಪತಿ ಹಬ್ಬದ ಹೊತ್ತಿಗೆ ಬಾಗಿಲು ಹಾಕಿಕೊಂಡು ಕೂರತೊಡಗಿದ. ಎದುರು ಬಿಲ್ಡಿಂಗಿನವರು ತನ್ನ ವಿಷಯವನ್ನೇ ಮಾತಾಡುತ್ತಿದ್ದಾರೆ ಅನ್ನುತ್ತಿದ್ದ. ಊರಿಗೆ ಕರೆದುಕೊಂಡು ಹೋಗಿ ಪ್ರಶ್ನೆ ಕೇಳಿಸಿದೆವು, ತಾಯಿತ ಕಟ್ಟಿಸಿದೆವು. ನಾಲ್ಕು ತಿಂಗಳ ಮೇಲೆ ಡಾಕ್ಟರ ಹತ್ತಿರ ಹೋದೆವು. ಸೈಕೋಸಿಸ್ ಅಂದರು, ಇಲ್ಲದ್ದು ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬಿಸುವ ಕಾಯಿಲೆಯಂತೆ. ಮಾತ್ರೆ ಶುರುವಾಗಿ ಏಳು ತಿಂಗಳು. ಈಗ ಆ ಇಲ್ಲದ ಧ್ವನಿಗಳು ಅವನಿಗೆ ಕೇಳಿಸುವುದಿಲ್ಲ. ಆದರೆ ದಿನವಿಡೀ ಸುಮ್ನೆ ಕೂತಿರುತ್ತಾನೆ. ಒಂದು ಪುಟ ಓದಿದರೆ ನೆನಪಿಲ್ಲ ಅನ್ನುತ್ತಾನೆ. ಮೂರು ಸಾಮಾನು ತರಲು ಹೇಳಿದರೆ ಒಂದು ತರುತ್ತಾನೆ. ಇವರು ‘ಸೋಮಾರಿ’ ಎಂದು ರೇಗುತ್ತಾರೆ. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ನಾದಿನಿ ಹೇಳುತ್ತಾಳೆ. ಏನು ಮಾಡಲಿ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಮದುವೆಯ ಮಾತನ್ನು ಮೊದಲೇ ಮುಗಿಸಿಬಿಡೋಣ. ಈಗ ಬೇಡ. ಮದುವೆ ಔಷಧಿಯಲ್ಲ. ಮುಂದೆ ಅವನಿಗೇ ಬೇಕೆನಿಸಿದಾಗ, ಹುಡುಗಿಗೆ ಎಲ್ಲವನ್ನೂ ಹೇಳಿ ಮಾಡುವ ಕೆಲಸ ಅದು.

ಇನ್ನು ‘ಸೋಮಾರಿ’ ಎಂಬ ಮಾತು. ಆ ಮಾತನ್ನು ನಾನೂ ಆಡಿದ್ದೇನೆ ತಾಯಿ. ನನ್ನ ತಮ್ಮನಿಗೆ 19ರಲ್ಲಿ ಈ ಕಾಯಿಲೆ ಬಂತು. ಆಗ ನಾವು ದಾದರಿನ ಒಂದು ಚಾಳಿನಲ್ಲಿದ್ದೆವು. ಆಸ್ಪತ್ರೆಯಿಂದ ಬಂದ ಮೇಲೆ ಕಿಟಕಿ ಪಕ್ಕ ಕೂತೇ ಇರುತ್ತಿದ್ದ. ಒಂದು ಬೆಳಿಗ್ಗೆ ಹಾಲಿಗೆ ಕಳಿಸಿದರೆ ಖಾಲಿ ಪಾತ್ರೆ ಹಿಡಿದು ವಾಪಸ್ ಬಂದ. ‘ನಾಟಕ ಸಾಕು, ಸೋಮಾರಿ’ ಅಂದೆ. ಅವನು ಪಾತ್ರೆ ಕೆಳಗಿಟ್ಟ. ಎರಡು ದಿನ ನನ್ನ ಕೈಯಿಂದ ಊಟ ತೆಗೆದುಕೊಳ್ಳಲಿಲ್ಲ. ಯಾಕೆ ಹೋಗಿದ್ದೆ ಎನ್ನುವುದೇ ಅವನಿಗೆ ದಾರಿಯಲ್ಲಿ ಮರೆತುಹೋಗಿತ್ತು. ಅದು ನನಗೆ ಗೊತ್ತಾದದ್ದು ವರ್ಷಗಳ ಮೇಲೆ, ನಾನೇ ಮಾನಸಿಕ ರೋಗ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆಯಾಗಿ ಕೆಲಸಕ್ಕೆ ಸೇರಿದಾಗ.

ನಿಮ್ಮ ಯಜಮಾನರಿಗೆ ಹೀಗೆ ಹೇಳಿ ನೋಡಿ. ಸಂಜೆ ಆರಕ್ಕೆ ದಾದರ್ ಸ್ಟೇಷನ್. ಅನೌನ್ಸ್‌ಮೆಂಟ್, ಗದ್ದಲ, ಫೇರಿವಾಲಾಗಳ ಕೂಗು, ಎದುರು ಪ್ಲಾಟ್‌ಫಾರ್ಮಿನ ಗಾಡಿ. ಇಷ್ಟರ ನಡುವೆಯೂ ನಮ್ಮ ತಲೆ ‘ಬದ್ಲಾಪುರ ಫಾಸ್ಟ್’ ಅನ್ನುವುದನ್ನು ಮಾತ್ರ ಹೆಕ್ಕಿಕೊಳ್ಳುತ್ತದೆ. ಈ ಕಾಯಿಲೆಯಲ್ಲಿ ಆ ಹೆಕ್ಕುವ ಶಕ್ತಿಯೇ ಸೋತಿರುತ್ತದೆ. ಗಮನ ನಿಲ್ಲುವುದಿಲ್ಲ, ಈಗಷ್ಟೇ ಕೇಳಿದ್ದು ಉಳಿಯುವುದಿಲ್ಲ, ಯೋಚನೆ ನಿಧಾನ. ಧ್ವನಿಗಳನ್ನು ತಗ್ಗಿಸುವ ಮಾತ್ರೆ ಈ ತೊಂದರೆಗೆ ಹೆಚ್ಚೇನೂ ಮಾಡುವುದಿಲ್ಲ. ಹಾಗಾಗಿ ಧ್ವನಿ ನಿಂತರೆ ಅರ್ಧ ಕೆಲಸ ಆಯಿತು, ಅಷ್ಟೇ. ಉಳಿದರ್ಧಕ್ಕೆ ಮನುಷ್ಯರು ಬೇಕು.

ಆದರೆ ಮಂಕುತನಕ್ಕೆಲ್ಲ ಕಾಯಿಲೆಯೇ ಕಾರಣ ಅಂದುಕೊಳ್ಳಬೇಡಿ. ಮಾತ್ರೆಯ ಜೋಂಪೂ ಇರಬಹುದು, ಒಳಗೊಳಗೆ ದುಃಖವೂ ಇರಬಹುದು. ಎಷ್ಟು ಗಂಟೆ ಮಲಗುತ್ತಾನೆ, ಯಾವ ಹೊತ್ತಿನಲ್ಲಿ ತೂಕಡಿಸುತ್ತಾನೆ, ತೂಕ ಏರಿದೆಯೇ ಎಂದು ಎರಡು ವಾರ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಪ್ರಮಾಣ ಬದಲಿಸುವುದು, ಹೊತ್ತು ಬದಲಿಸುವುದು ಅವರ ಕೆಲಸ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ‘ಬದುಕೇ ಬೇಡ’ ಎಂಬ ಮಾತು ಅವನ ಬಾಯಲ್ಲಿ ಬಂದರೆ ಮುಂದಿನ ತಾರೀಖಿಗೆ ಕಾಯದೆ ಅವತ್ತೇ ಹೋಗಿ. ಮೊದಲ ಸಲ ಕಾಯಿಲೆ ಬಿದ್ದ ನಂತರದ ಒಂದೆರಡು ವರ್ಷ ಈ ಅಪಾಯ ಜಾಸ್ತಿ. ರಾತ್ರಿ ಹೊತ್ತು ಯಾರನ್ನು ಕೇಳುವುದೆಂದು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, 2022ರಿಂದ ನಡೆಯುತ್ತಿದೆ. ದುಡ್ಡಿಲ್ಲ, ದಿನವಿಡೀ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಮನೆಯಲ್ಲಿ ಏನು ಮಾಡುವುದು? ಮೂರು ಸಾಮಾನು ಬಾಯಲ್ಲಿ ಹೇಳಬೇಡಿ. ಚೀಟಿಯಲ್ಲಿ ಅವನ ಕೈಯಲ್ಲೇ ಬರೆಸಿ. ಒಂದು ಹೊತ್ತಿಗೆ ಒಂದೇ ಮಾತು. ಮಾತ್ರೆಗೆ, ಸ್ನಾನಕ್ಕೆ ಫೋನಿನಲ್ಲಿ ಅಲಾರಂ. ಒಂದು ಪುಟ ಕಷ್ಟವಾದರೆ ಐದು ಸಾಲು ಓದಲಿ, ಪುಸ್ತಕ ಮುಚ್ಚಿ ಓದಿದ್ದನ್ನು ನಿಮಗೆ ಹೇಳಲಿ. ತಪ್ಪಿದರೆ ತಿದ್ದಬೇಡಿ, ಇನ್ನೊಮ್ಮೆ ಓದಲಿ. ರೈಲಿಗೂ ಹೀಗೆಯೇ. ನೂಕುನುಗ್ಗಲಿನ ಹೊತ್ತು ಬೇಡ. ಮಧ್ಯಾಹ್ನ ಹನ್ನೆರಡರ ಸ್ಲೋ ಗಾಡಿಯಲ್ಲಿ ನೀವಿಬ್ಬರೂ ಠಾಕುರ್ಲಿವರೆಗೆ ಹೋಗಿ ಬನ್ನಿ. ಒಂದೇ ಸ್ಟೇಷನ್. ಆಮೇಲೆ ಕಲ್ಯಾಣ್. ಆಮೇಲೆ ಅವನೊಬ್ಬನೇ ಹೋಗಲಿ. ನನ್ನ ಕಣ್ಣ ಮುಂದೆ ಒಬ್ಬ ಹುಡುಗ ಹೀಗೆ ಐದು ತಿಂಗಳಲ್ಲಿ ಕಾಲೇಜಿನ ಲೈಬ್ರರಿವರೆಗೆ ತಲುಪಿದ್ದಾನೆ. ಮೊದಲ ವಾರ ಅಲ್ಲಿ ಕೂತದ್ದು 20 ನಿಮಿಷ. ಅವನ ತಾಯಿ ಲೈಬ್ರರಿಯ ಹೊರಗೆ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ಅದನ್ನು ನಾನು ಮರೆಯಲಾರೆ.

ಯಜಮಾನರ ಕೋಪ ನನಗೆ ಅರ್ಥವಾಗುತ್ತದೆ. ಅದರ ಹಿಂದೆ ಹೆದರಿಕೆ ಇದೆ. ಆದರೆ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬುವರು 1950ರ ದಶಕದಲ್ಲೇ ಒಂದು ವಿಷಯ ಗಮನಿಸಿದರು. ಆಸ್ಪತ್ರೆಯಿಂದ ಹೊರಬಂದವರು ಯಾವ ಮನೆಗೆ ಹೋಗುತ್ತಾರೆ ಎನ್ನುವುದರ ಮೇಲೆ ಕಾಯಿಲೆ ಮರುಕಳಿಸುವುದು ನಿಂತಿತ್ತು. ಮುಂದಿನ ಅಧ್ಯಯನಗಳು ಇದನ್ನು ಇನ್ನೂ ಸ್ಪಷ್ಟ ಮಾಡಿದವು. ಸದಾ ಬೈಯುವ ಮನೆಯಲ್ಲಿ ಜಾಸ್ತಿ ಮರುಕಳಿಸುತ್ತದೆ, ಅತಿಯಾಗಿ ಮೇಲೆ ಬಿದ್ದು ನೋಡಿಕೊಳ್ಳುವ ಮನೆಯಲ್ಲೂ ಅಷ್ಟೇ. ಕಾಯಿಲೆ ಮನೆಯವರಿಂದ ಬಂತು ಎಂದಲ್ಲ, ಖಂಡಿತ ಅಲ್ಲ. ವಾರದ ರಜೆಯ ದಿನ ಅಪ್ಪ ಮಗ ಅರ್ಧ ಗಂಟೆ ಕೇರಂ ಆಡಲಿ. ಓದಿನ ಮಾತು ಎತ್ತದೆ. ನೀವೂ ತಟ್ಟೆ ಅವನ ಎದುರಿಗೆ ಒಯ್ದು ಇಡಬೇಡಿ, ಅವನೇ ಬಡಿಸಿಕೊಳ್ಳಲಿ.

ಆಸ್ಪತ್ರೆಯಲ್ಲಿ ಡಾಕ್ಟರನ್ನು ಮಾತ್ರ ನೋಡಿ ಬರಬೇಡಿ. ಸೈಕಾಲಜಿಸ್ಟ್, ಸಮಾಜ ಕಾರ್ಯಕರ್ತರು, ಆಕ್ಯುಪೇಷನಲ್ ಥೆರಪಿ (ದಿನದ ಕೆಲಸಗಳನ್ನು ಮತ್ತೆ ರೂಢಿಸುವ ಚಿಕಿತ್ಸೆ) ಎಲ್ಲಿದೆ ಎಂದು ಕೇಳಿ. ‘ಕಾಗ್ನಿಟಿವ್ ರೆಮಿಡಿಯೇಷನ್’ ಎಂಬ ಹೆಸರು ಹೇಳಿ ಕೇಳಿ. ಗಮನ, ನೆನಪು, ಯೋಜನೆಗೆ ಕೊಡುವ ತರಬೇತಿ ಅದು. ಮೊಬೈಲಿನ ಬುದ್ಧಿ ಆಟಗಳಿಗೆ ದುಡ್ಡು ಸುರಿಯಬೇಡಿ. ಆಟದಲ್ಲಿ ಕಲಿತದ್ದನ್ನು ಅಂಗಡಿಗೆ, ಪುಸ್ತಕಕ್ಕೆ ತಂದು ಜೋಡಿಸುವ ಒಬ್ಬರು ಪಕ್ಕದಲ್ಲಿದ್ದರೆ ಮಾತ್ರ ಅದು ಬದುಕಿಗೆ ಒದಗುತ್ತದೆ. ಅಮೆರಿಕದಲ್ಲಿ 2015ರಲ್ಲಿ ಪ್ರಕಟವಾದ ರೇಸ್ (RAISE) ಎಂಬ ಅಧ್ಯಯನದಲ್ಲಿ 404 ಜನರಿದ್ದರು, ಎಲ್ಲರಿಗೂ ಮೊದಲ ಸಲದ ಕಾಯಿಲೆ. ಔಷಧಿಯ ಜೊತೆ ಮಾತುಕತೆ, ಮನೆಯವರಿಗೆ ತಿಳಿವಳಿಕೆ, ಓದು ಅಥವಾ ಕೆಲಸಕ್ಕೆ ಸಹಾಯ, ಇವೆಲ್ಲವನ್ನೂ ಒಂದೇ ತಂಡ ಕೊಟ್ಟಾಗ ಹೆಚ್ಚು ಸುಧಾರಿಸಿದರು. ಬೇಗ ಬಂದವರಿಗೆ ಲಾಭ ಇನ್ನೂ ಜಾಸ್ತಿ. ಅಲ್ಲಿಯೂ ಅರ್ಧದಷ್ಟು ಜನ ಚಿಕಿತ್ಸೆಗೆ ಬರುವ ಹೊತ್ತಿಗೆ 74 ವಾರ ದಾಟಿತ್ತು. ನೀವು ನಾಲ್ಕು ತಿಂಗಳಿಗೆ ಬಂದಿದ್ದೀರಿ. ಊರಿಗೆ ಹೋದೆವಲ್ಲ ಎಂದು ಕೊರಗಬೇಡಿ. ನಮ್ಮಲ್ಲೂ ಗೋವಾ, ಸಾತಾರಾ, ಕಾಂಚೀಪುರಂಗಳಲ್ಲಿ ಸ್ಕಿಜೋಫ್ರೀನಿಯಾ (ದೀರ್ಘಕಾಲ ಕಾಡುವ ಒಂದು ಬಗೆಯ ಸೈಕೋಸಿಸ್) ಇರುವವರ ಮನೆಗೇ ಕಾರ್ಯಕರ್ತರು ಹೋಗಿ ಸಹಾಯ ಮಾಡಿದಾಗ ದಿನದ ಬಾಳು ಸ್ವಲ್ಪ ಹಗುರಾಯಿತು ಎಂದು 2014ರಲ್ಲಿ ವರದಿಯಾಗಿದೆ. ಆ ಕಾರ್ಯಕರ್ತರು ಡಾಕ್ಟರರಲ್ಲ, ತರಬೇತಿ ಪಡೆದ ಸಾಮಾನ್ಯ ಜನ.

ಕಾಲೇಜಿನ ವಿಷಯ ಅವನನ್ನೇ ಕೇಳಿ. ಎಲ್ಲ ಪೇಪರ್ ಒಟ್ಟಿಗೆ ಬೇಡ. ಎಟಿಕೆಟಿಯಲ್ಲಿ (ಉಳಿದ ಪೇಪರನ್ನು ಆಮೇಲೆ ಬರೆಯಲು ಬಿಡುವ ವ್ಯವಸ್ಥೆ) ಎರಡು ಪೇಪರ್ ಉಳಿದರೆ ಉಳಿಯಲಿ.

ಪ್ರಶ್ನೆ: ನನಗೆ 24. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ, ಪಿಜಿಯಲ್ಲಿ ಒಬ್ಬಳೇ ಇದ್ದೇನೆ, ಊರು ಧಾರವಾಡ. ಸೈಕೋಸಿಸ್ ಆಗಿ ಮೂರು ತಿಂಗಳು ರಜೆಯಲ್ಲಿದ್ದೆ. ಈಗ ವಾಪಸ್ ಬಂದಿದ್ದೇನೆ. ಮೀಟಿಂಗಿನಲ್ಲಿ ಹೇಳಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಆಫೀಸಿನಲ್ಲಿ ಹೇಳಲೇ?
– ಹೆಸರು ಬೇಡ

ಉತ್ತರ: ಕಾಯಿಲೆಯ ಹೆಸರು ಹೇಳುವುದು ಬಿಡುವುದು ನಿಮ್ಮ ಇಷ್ಟ. ಆದರೆ ಬೇಕಾದದ್ದನ್ನು ಹೆಸರು ಹೇಳದೆಯೂ ಕೇಳಬಹುದು. ‘ಮೀಟಿಂಗ್ ಆದ ಮೇಲೆ ನನ್ನ ಪಾಲಿನ ಕೆಲಸವನ್ನು ಮೇಲ್ ಮಾಡಿ, ಎರಡು ಕೆಲಸ ಕೊಟ್ಟರೆ ಯಾವುದು ಮೊದಲು ಎಂದು ಹೇಳಿ.’ ಇದನ್ನು ಕೇಳುವುದರಲ್ಲಿ ತಪ್ಪಿಲ್ಲ ಅಲ್ವಾ? ರಾತ್ರಿ ಪಾಳಿ ಸದ್ಯಕ್ಕೆ ಬೇಡ, ನಿದ್ದೆ ಕೆಟ್ಟರೆ ಕಾಯಿಲೆ ಕೆರಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ, ಅದು ನೆನಪಿರಲಿ.

ಪಿಜಿಯಲ್ಲಿ ಒಬ್ಬರೇ ಇರುವುದರಿಂದ ಒಬ್ಬ ಗೆಳತಿಗಾದರೂ ಎಲ್ಲ ಹೇಳಿಡಿ. ನಿದ್ದೆ ಕೆಡುವುದು, ಸುಮ್ಮಸುಮ್ಮನೆ ಅನುಮಾನ, ನಿಮಗೆ ಮೊದಲು ಏನಾಗಿತ್ತೋ ಅದನ್ನು ಅವಳಿಗೆ ಬರೆದುಕೊಡಿ. ಮತ್ತೆ ಕಂಡರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ.

ಪುಣೆಯಲ್ಲಿ ಸ್ಕಿಜೋಫ್ರೀನಿಯಾ ಅವೇರ್‌ನೆಸ್ ಅಸೋಸಿಯೇಷನ್ ಇದೆ. ಅದರ ಹಿಂದಿದ್ದವರು ಜಗನ್ನಾಥ ವಾಣಿ, ಕೆನಡಾದಲ್ಲಿ ಪ್ರಾಧ್ಯಾಪಕರಾಗಿದ್ದವರು. ಅವರ ಹೆಂಡತಿಗೇ ಈ ಕಾಯಿಲೆ ಇತ್ತು. ಕಾಯಿಲೆ ಕಂಡವರೂ ಮನೆಯವರೂ ಅಲ್ಲಿ ಕೂತು ಮಾತಾಡುತ್ತಾರೆ. ಮೊದಲ ಸಲ ನೀವು ಬಾಯಿ ಬಿಡಬೇಕೆಂದೇನೂ ಇಲ್ಲ. ಕೂತು ಕೇಳಿ, ಚಹಾ ಕುಡಿದು ಬನ್ನಿ.